ಎರಡನೇ ಬ್ರೇಕು

ಭಾನುವಾರ ಏಳೂವರೆಗೆ ಕವರು ಬಿಚ್ಚುತ್ತೇನೆ.
ಹೊಂಗೆ ಹೂವು ಉದುರಿ ಕವರಿಗೇ ಒಂದು ಕವರು.
ಒಳಗೆ ಕಾರು,
ಹೊಟ್ಟೆನೋವೆಂದು ಸ್ಕೂಲು ತಪ್ಪಿಸಿದ ಹುಡುಗನ ಹಾಗೆ.

ಮೊದಲು ಬಾನೆಟ್ ಎತ್ತಿ ಇಲಿಯ ಲೆಕ್ಕ.
ಏರ್ ಫಿಲ್ಟರಿನ ಪಕ್ಕ ಹೊಗೆಸೊಪ್ಪಿನ ಗಂಟು ಕಟ್ಟಿದ್ದೆ,
ಹೋದ ತಿಂಗಳು ಅದನ್ನೂ ಸ್ವಲ್ಪ ತಿಂದಿತ್ತು.
ಬಿಚ್ಚಿಟ್ಟ ಬ್ಯಾಟರಿಯ ಮೈನಸ್ ತಂತಿಯನ್ನು
ಹತ್ತನೇ ನಂಬರ್ ಸ್ಪ್ಯಾನರಿನಲ್ಲಿ ಬಿಗಿಯುತ್ತೇನೆ.
ಬಿಳಿ ಉಪ್ಪು ಕೂತಿದ್ದರೆ ಬಿಸಿನೀರು, ಆಮೇಲೆ ವ್ಯಾಸಲೀನು.
ಟೈರು ಒಂದೇ ಕಡೆ ಭಾರ ಬಿಟ್ಟರೆ ಚಪ್ಪಟೆಯಾಗುತ್ತದೆ;
ಮಗ್ಗುಲು ಬದಲಿಸುತ್ತಿರಿ ಎಂದು
ಅಮ್ಮನ ಕೊನೆಗಾಲದಲ್ಲಿ ನರ್ಸು ಹೇಳಿದ್ದೂ ಇದೇ.

ಜಯಗೌರಿ ಮೋಟಾರ್ ಡ್ರೈವಿಂಗ್ ಸ್ಕೂಲ್, ಹನುಮಂತನಗರ.
ಬೋರ್ಡು ಇಳಿಸಿ ನಾಲ್ಕು ವರ್ಷ.
ಬಾಗಿಲ ಮೇಲಿನ ಅಕ್ಷರ ಕೆರೆಸಿದೆ,
ಬಿಸಿಲು ಓರೆಯಾಗಿ ಬಿದ್ದರೆ ಇನ್ನೂ ಓದಬಹುದು.

ಮೂವತ್ತೊಂದು ವರ್ಷ ನಾನು ಕೂತದ್ದು ಎಡಗಡೆ.
ಕಾಲ ಕೆಳಗೆ ನನ್ನದೇ ಒಂದು ಬ್ರೇಕು, ಒಂದು ಕ್ಲಚ್ಚು.
ಆಶ್ರಮದ ಏರಿನಲ್ಲಿ ಹಿಂದಕ್ಕೆ ಜಾರಿದ ಗಣಿತದ ಲೆಕ್ಚರರು,
ದೊಡ್ಡ ಬಸವಣ್ಣನ ಗುಡಿ ಕಂಡೊಡನೆ
ಸ್ಟೇರಿಂಗ್ ಬಿಟ್ಟು ಕೈಮುಗಿದ ಕಾಳಿಂಗಯ್ಯ,
ಆಟೋದವನು ಬೈದನೆಂದು ನಡುರಸ್ತೆಯಲ್ಲೇ ಇಳಿದು
ಮನೆಗೆ ನಡೆದುಬಿಟ್ಟ ಫಾತಿಮಾಬಿ.
ಎಲ್ಲರಿಗಿಂತ ಅರೆಗಳಿಗೆ ಮುಂಚೆ ಹೆದರುವುದು ನನ್ನ ಕೆಲಸ.
ಅನ್ನ ತಿಂದದ್ದು ಅದರಿಂದಲೇ.

ಈಗಲೂ ಸ್ಟಾರ್ಟ್ ಮಾಡಿ, ಬಲಗಡೆಯಿಂದ ಇಳಿದು,
ಸುತ್ತು ಬಂದು ಎಡಗಡೆ ಕೂರುತ್ತೇನೆ.
ಹತ್ತು ನಿಮಿಷ ಎಂಜಿನ್ನು ಗೊಣಗುತ್ತದೆ, ಕೇಳುತ್ತೇನೆ.
ಬಲಗಡೆ ಯಾರೂ ಇಲ್ಲ.
ಇಷ್ಟು ಜೋಪಾನದ ಶಿಷ್ಯ ನನಗೆ ಸಿಕ್ಕಿರಲಿಲ್ಲ.

ಹೊಂಗೆ ನೆರಳಿಗೆ ಇಸ್ತ್ರಿ ಗಾಡಿ ಇಟ್ಟ ಅಲಮೇಲು,
ವಾರವಿಡೀ ಹಸು ಕಾರಿಗೆ ಮೈಯುಜ್ಜದಂತೆ ಗದರುವವಳು,
ಇವತ್ತು ಕೆಂಡಕ್ಕೆ ಬೀಸುತ್ತಾ ಅಂದಳು:
ಸುಮ್ನೆ ಪೆಟ್ರೋಲ್ ಸುಡ್ತೀರಲ್ಲ ಸಾರ್,
ನನಗಾದ್ರೂ ಕಲಿಸಿ.

ಚಪ್ಪಲಿ ಹೊರಗೆ ಬಿಟ್ಟು ಹತ್ತಿದಳು, ಗುಡಿಗೆ ಹತ್ತಿದಂತೆ.
ಸೀಟು ಮುಂದಕ್ಕೆಳೆದದ್ದು ಸಾಲದೆ
ಬೆನ್ನಿಗೆ ಯಾರದೋ ಮಡಚಿದ ಬೆಡ್‌ಶೀಟು.
ಪೆಟ್ಟಿಗೆಯನ್ನು ರೇಷ್ಮೆ ಮೇಲೆ ಇಳಿಸ್ತೀಯಲ್ಲ,
ಕ್ಲಚ್ಚು ಹಾಗೆ ಬಿಡು, ಅಂದೆ.
ಒಂದು ಸಲ ಜಿಗಿದು ಆಫಾಯಿತು. ಇನ್ನೊಂದು ಸಲ.
ಆಮೇಲೆ ಹೊರಟಿತು.
ಹೊರಟಿತು ಅಂದರೆ ಟ್ರಾನ್ಸ್‌ಫಾರ್ಮರಿನ ತನಕ, ಹದಿನೈದು ಮಾರು.

ಅಲ್ಲಿ ಹಾಲಿನವನ ಮೊಪೆಡ್ಡು ಅಡ್ಡ ಬಂತು.
ನನ್ನ ಕಾಲು ಎದ್ದಿತು, ಮುದಿ ನಾಯಿಯ ಕಿವಿಯ ಹಾಗೆ.
ಒತ್ತುವಷ್ಟರಲ್ಲಿ ನಿಂತಿತ್ತು ಕಾರು,
ಅವಳ ಬ್ರೇಕಿಗೆ.

ಅಯ್ಯೋ ಕೆಂಡ ಆರುತ್ತೆ ಸಾರ್, ಎಂದು
ಕೀ ನನ್ನ ಕೈಗಿಟ್ಟು ಬರಿಗಾಲಲ್ಲೇ ಓಡಿದಳು.
ತಿರುಗಿ ನೋಡಿದೆ:
ಕಾರು ಇದ್ದಲ್ಲಿ ಹೂವು ಬೀಳದ ಒಂದು ಚೌಕ,
ಅದರ ಅಂಚಿಗೆ ಜೋಡಿಸಿಟ್ಟ ಚಪ್ಪಲಿ.