ಕಾಣದ ಪದರ

ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ.
ದೆವ್ವ ಬಾಗಿಲಿನಿಂದ ಕಿಟಕಿಯವರೆಗೆ ನಡೆಯಲು
ಒಂಬತ್ತು ಸೆಕೆಂಡು.
ನೂರೆಂಟು. ಜಪಸರದ ಲೆಕ್ಕ.

ಬೈತಖೋಲದ ಐಸ್ ಫ್ಯಾಕ್ಟರಿ ಮೇಲಿನ ಖೋಲಿ.
ಕೆಳಗೆ ಗಡ್ಡೆ ಪುಡಿಯಾಗುವ ಸದ್ದಿಗೆ
ನನ್ನ ಟೇಬಲ್ಲೂ, ತೆರೆಯ ಮೇಲಿನ ದೆವ್ವವೂ
ಚೂರು ನಡುಗುತ್ತವೆ.

‘ರಾತ್ರಿ ದಫ್ತರ’ ಈಗ ಕಾರ್ಟೂನಾಗುತ್ತಿದೆ.
ಶುಕ್ರವಾರ ಒಂಬತ್ತೂವರೆಗೆ ನಮ್ಮ ಇಡೀ ವಾಡ
ಒಂದೇ ಟೀವಿಯ ಮುಂದೆ ಚಾಪೆ ಹಾಸಿ
ನೋಡಿದ ಧಾರಾವಾಹಿ:
ಭೌತಶಾಸ್ತ್ರದ ನಿವೃತ್ತ ಕೇಣಿ ಮಾಸ್ತರರು
ಬಂದರು ಕಚೇರಿಯಿಂದ ಕಡ ತಂದ ವಾಯುಭಾರಮಾಪಕ ಹಿಡಿದು
ಪಾಳು ಕಸ್ಟಮ್ಸ್ ಗೋದಾಮಿಗೆ ಹೋಗುವರು.
ಪಾದರಸ ಇಳಿದರೆ ಯಾರೋ ಬಂದಿದ್ದಾರೆ.
ಇಳಿಯದಿದ್ದರೆ ಬೆಕ್ಕು.

ಹೊಸ ಕೇಣಿ ಮಾಸ್ತರರಿಗೆ ದವಡೆ ಚೂಪು,
ಹುಬ್ಬು ದಪ್ಪ, ವಯಸ್ಸು ಇಪ್ಪತ್ತೆಂಟು.
ಕೆಮ್ಮು ತೆಗೆದಿದ್ದಾರೆ.
ಪಾತ್ರ ಮಾಡಿದ ಉಲ್ಲಾಸ ಕೊಠಾರಕರರ ಕೆಮ್ಮು ನಿಜದ್ದು,
ಬರೆದ ಕತೆಯಲ್ಲಿ ಇರಲಿಲ್ಲ,
ಆದರೂ ದೆವ್ವಗಳು ಹೆದರುತ್ತಿದ್ದುದು ಅದಕ್ಕೇ ಎಂದು
ಮಕ್ಕಳು ನಾವು ನಂಬಿದ್ದೆವು.

ಕತ್ತಲೆಯೂ ಆಗ ಪುಕ್ಕಟೆ.
ಈಗ ನಾನೇ ಬಳಿಯಬೇಕು,
ನೀಲಿ ಎಷ್ಟು, ಕಂದು ಎಷ್ಟು,
ಮೂಲೆಯಲ್ಲಿ ಜೇಡರ ಬಲೆ ಬೇಕೋ ಬೇಡವೋ,
ಪ್ರತಿಯೊಂದಕ್ಕೂ ಒಂದು ಮೇಲ್.
ತಾನಾಗಿ ಫ್ರೇಮಿನೊಳಗೆ ಬಂದು ಹೋಗುವ ನಾಯಿ
ನನ್ನ ಹಾಳೆಯಲ್ಲಿ ಹುಟ್ಟುವುದಿಲ್ಲ.
ಬೇಕಾದರೆ ಬಾಲದಿಂದ ಶುರು ಮಾಡಬೇಕು.

ದೆವ್ವದ ಮುಖ ಯಾವ ಕಂತಿನಲ್ಲೂ ಕಾಣಿಸಲಿಲ್ಲ.
ಬರೀ ಪಾದ.
ರಾತ್ರಿಗೆ ನಲವತ್ತು ರೂಪಾಯಿ, ಒಂದು ಊಟ,
ಆ ಪಾದ ನನ್ನ ಆಯಿಯದು.
ಶೇವಂತಿ ತಾಂಡೇಲ; ಹೆಸರುಗಳ ಪಟ್ಟಿಯಲ್ಲಿ ‘ಮತ್ತು ಇತರರು’.
ಬುಟ್ಟಿಯ ಬಂಗಡೆ ಖಾಲಿಯಾದ ಮೇಲೆ
ಕಾಲು ತೊಳೆದು ಗೋದಾಮಿಗೆ ಹೋಗುವಳು.
ಮೇಕಪ್ಪಿನವನು ಪೌಡರು ಹಚ್ಚುವಾಗ
ಕಚಗುಳಿ ತಾಳಲಾರದೆ ದೆವ್ವ ನಗುತ್ತಿತ್ತಂತೆ.

ನಿರ್ದೇಶಕರು ಪರದೆಯೊಳಗಿಂದ ಹೇಳಿದರು:
ಎಡಗಾಲಿನ ಕಿರುಬೆರಳು ಮರೆತಿದ್ದೀರಿ.
ಮರೆತಿಲ್ಲ ಸರ್. ಕಲ್ವ ಕೀಳುವಾಗ ಚಿಪ್ಪಿಗೆ ಹೋಯಿತು,
ನಾನು ಹುಟ್ಟುವ ಮೊದಲೇ.
ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ನೆಟ್‌ವರ್ಕೋ ಏನೋ.

ಆದರೂ ನಡಿಗೆ ಕೂಡಲಿಲ್ಲ.
ಬರೆದೆ, ಅಳಿಸಿದೆ, ಬರೆದೆ.
ಬೆರಳು ಸರಿ, ಹಿಮ್ಮಡಿಯ ಬಿರುಕು ಸರಿ,
ಓಡಿಸಿ ನೋಡಿದರೆ
ಯಾರೋ ಹಾಲು ತರಲು ಹೊರಟ ಹಾಗೆ.
ಹಳೆಯ ಕ್ಯಾಸೆಟ್ಟಿನಲ್ಲಿ ಅವಳು ಕಾಲೆತ್ತಿ
ಗಾಳಿಯಲ್ಲೇ ಒಂದು ಗಳಿಗೆ ಯೋಚಿಸಿ
ಇನ್ನೆಲ್ಲೋ ಇಡುವಳು.
ಕಾರವಾರಕ್ಕೆ ಕಾರವಾರವೇ ಉಸಿರು ಹಿಡಿದದ್ದು
ಆ ಒಂದು ಗಳಿಗೆಗೆ.

ಎಲ್ಲಿ ಕಲಿತೆ ಅದನ್ನು, ಕೇಳಿದೆ.
ಆಯಿ ಸಿಗಡಿ ಸುಲಿಯುತ್ತ ತಲೆಯೆತ್ತಲಿಲ್ಲ:
ಎಂಥ ಕಲಿಯೋದು? ನೆಲದ ತುಂಬ ಲೈಟಿನ ವಾಯರು.
ಒಂದು ಕಡೆ ರಬ್ಬರು ಕಿತ್ತುಹೋಗಿತ್ತು, ನನ್ನದು ಹಸಿ ಕಾಲು.
ಮೆಟ್ಟಿದ್ರೆ ಖರೇ ದೆವ್ವ ಆಗ್ತಿದ್ದೆ.

ಆ ರಾತ್ರಿ ಮೊದಲು ವಾಯರು ಬರೆದೆ.
ಗೋದಾಮಿನ ನೆಲದುದ್ದಕ್ಕೂ ಕಪ್ಪಗೆ, ಸುರುಳಿ ಬಿಚ್ಚಿ,
ನಡುವೆ ಒಂದು ಗೇಣು ಬತ್ತಲೆ ತಾಮ್ರ.
ಅದರಾಚೆ ಈಚೆ ಅವಳನ್ನು ನಡೆಸಿದೆ,
ಒಂದೊಂದೇ ಚಿತ್ರ, ಕೈಹಿಡಿದು ದಾಟಿಸಿದ ಹಾಗೆ.
ಮುಗಿದ ಮೇಲೆ ವಾಯರಿನ ಪದರ ಅಳಿಸಲಿಲ್ಲ,
ಕಣ್ಣಿನ ಗುರುತು ಒತ್ತಿ ಮರೆ ಮಾಡಿದೆ.
ಕೆಳಗೆ ಯಂತ್ರ ನಿಂತಿತ್ತು. ತೆರೆ ಮಾತ್ರ ನಡುಗಿದಂತಿತ್ತು.

ಬೆಳಿಗ್ಗೆ ಮೇಲ್ ಬಂತು:
ದೆವ್ವ ಸರಿಹೋಗಿದೆ, ತುಂಬ ಚೆನ್ನ.
ನೆಲ ಯಾಕೋ ಖಾಲಿ ಕಾಣುತ್ತದೆ,
ಏನಾದರೂ ಇಡಿ.