ಹಾಜರಿ

ನಾರ್ವೆಯ ಸಿಗ್ರೂನ್ ಅಜ್ಜಿ ಫೀಜು ಕಟ್ಟುವುದು
ಅಪಿಯೊ ಒಬ್ಬಳಿಗೆ.
ಫೋಟೋದವರು ಬಂದ ದಿನ ಅವಳಿ ಅದೊಂಗೊ
ವಿಕ್ಟೋರಿಯಾ ಸರೋವರದ ದಂಡೆಯಲ್ಲಿ
ಒಮೆನಾ ಮೀನು ಒಣಹಾಕುತ್ತಿದ್ದಳು, ಅಷ್ಟೇ.

ಸೋಮವಾರ ಬರುವವಳು ಎಡಗೈಲಿ ಬರೆಯುತ್ತಾಳೆ,
ಮಂಗಳವಾರದವಳು ಬಲಗೈಲಿ.
ಸಮವಸ್ತ್ರ ಒಂದೇ; ಕಂಕುಳಲ್ಲಿ ಹೊಲಿಗೆ ಬಿಟ್ಟದ್ದೂ ಒಂದೇ ಕಡೆ.
ಭಾಗಾಕಾರ ನಿನ್ನೆ ಅರ್ಧಕ್ಕೆ ನಿಂತಿದ್ದರೆ
ಇವತ್ತು ಅಲ್ಲಿಂದಲೇ ಹೊರಡುತ್ತದೆ:
ರಾತ್ರಿ ಸೊಳ್ಳೆಪರದೆಯೊಳಗೆ ಶೇಷ ಕೈದಾಟಿರುತ್ತದೆ.

ಹಾಜರಿ ಕೂಗುತ್ತೇನೆ: "ಅಪಿಯೊ."
"ಬಂದಿದ್ದೇನೆ ಮೇಷ್ಟ್ರೇ" ಅನ್ನುತ್ತದೆ ಒಂದು ದನಿ.
ನಾನು ತಲೆಯೆತ್ತುವುದಿಲ್ಲ.

ಅಜ್ಜಿಗೆ ವರ್ಷದ ಕಾಗದ ಹೊರಟಿದೆ.
ಮೊದಲ ಸಾಲುಗಳು ಎಡಕ್ಕೆ ವಾಲಿವೆ, ಉಳಿದವು ಬಲಕ್ಕೆ.
"ನಾವು" ಎಂದಿದ್ದಲ್ಲೆಲ್ಲ ರಬ್ಬರಿನಲ್ಲಿ ಅಳಿಸಿ
ನಾನೇ "ನಾನು" ಮಾಡಿದ್ದೇನೆ.
"ನಮ್ಮ ಕಾಲು ಬೆಳೆದಿವೆ, ಶೂ ಬಿಗಿ"
ಎಂಬಲ್ಲಿ ಮಾತ್ರ, ಯಾಕೋ, ಕೈ ಏಳಲಿಲ್ಲ.