ಕೆಂಪು ನೂಲಿನ ಇಪ್ಪತ್ತೇಳು

ಗಂಟು ಇಲ್ಲಿ ಇಳಿಸಿ, ಅನ್ಸೆಲ್ಮು. ಆ ತೊಟ್ಟಿಗಲ್ಲ.
ಮೇಲಿನದು ಜಾಲಿಸುವುದಕ್ಕೆ, ಸಾಬೂನು ಸೋಕಬಾರದು;
ಕೆಳಗಿನದರಲ್ಲಿ ಏನಾದರೂ ಮಾಡಿಕೊಳ್ಳಿ.
ಪೋರ್ಟೊದ ಈ ಕಡಿದಾದ ಬೀದಿಯಲ್ಲಿ
ರಾಜರು ಹೋದರು, ಸರ್ವಾಧಿಕಾರಿ ಹೋದ,
ಈ ಕಟ್ಟಳೆ ಮಾತ್ರ ಹೋಗಿಲ್ಲ.

ನಲವತ್ತು ವರ್ಷ ಟ್ರಾಮು ಓಡಿಸಿದ ಕೈ
ಬಟ್ಟೆಯನ್ನೂ ಬ್ರೇಕು ಹಿಡಿದಂತೆ ಹಿಡಿಯುತ್ತದೆ.
ಸಡಿಲ ಬಿಡಿ. ಒಗೆಯುವುದೆಂದರೆ ಬರೀ ಕುಕ್ಕುವುದಲ್ಲ,
ಮೊದಲು ಓದಬೇಕು.
ಇದು ದ್ರಾಕ್ಷಾರಸ: ಉಪ್ಪು, ಆಮೇಲೆ ತಣ್ಣೀರು.
ಇದು ನೆತ್ತರು. ಗಡ್ಡ ಹೆರೆಯುವಾಗ ತಾಗಿತೇ?
ಬಿಸಿನೀರು ತೋರಿಸಿದಿರೋ, ಅದಕ್ಕೆ ಅಲ್ಲೇ ಕಾಯಂ ಠಿಕಾಣಿ.
ಮೀನಿನ ಎಣ್ಣೆಗೆ ಬಳಪದ ಪುಡಿ, ರಾತ್ರಿಯಿಡೀ.
ತುಕ್ಕಿಗೆ ನಿಂಬೆ, ಬಿಸಿಲು, ತಾಳ್ಮೆ.
ಈ ಕೆಂಪು ಕಾಲುಚೀಲ...
ಅಯ್ಯೋ ದೇವರೇ, ಬಿಳಿಯದರ ಜೊತೆಗೇ!

ಆಚೆ ಕಲ್ಲಿನಿಂದ ಫೆಲಿಸ್ಮೀನಾ ನಗುತ್ತಾಳೆ. ನಗಲಿ.
ಅವಳ ಗಂಡ ಈವರೆಗೆ ತನ್ನ ಕರವಸ್ತ್ರವನ್ನೂ ಹಿಂಡಿದವನಲ್ಲ.

ಯಂತ್ರ ಕೆಟ್ಟು ವಾರವಾಯಿತು ಅಂದಿರಿ.
ಕಾಂದಿದಾ ಹೋಗಿ ಮೂರು ತಿಂಗಳು ಅನ್ನಲಿಲ್ಲ.

ಅದೇನು ತಳದಲ್ಲಿ, ಕಾಗದ ಸುತ್ತಿ?
ಅಗಸೆ ನಾರಿನ ಹಾಸು! ಈಗೆಲ್ಲಿ ಸಿಗುತ್ತದೆ ಇಂಥದ್ದು.
ಒದ್ದೆಯಾದಷ್ಟೂ ಗಟ್ಟಿ, ನಮ್ಮ ಅಗಸಗಿತ್ತಿಯರ ಹಾಗೆ.
ಮಡಿಕೆ ಬಿದ್ದಲ್ಲೆಲ್ಲ ಹಳದಿ ಗೆರೆ.
"ಮದುವೆಯ ಹಾಸು," ಅಂದಿರಿ ನೀವು,
"ಜೀವಕ್ಕಿಂತ ಜೋಪಾನ ಮಾಡಿದಳು.
ಒಮ್ಮೆಯೂ ಹೊರಗೆ ಒಣಹಾಕಲಿಲ್ಲ.
ಒಳಕೋಣೆಯಲ್ಲಿ, ಕಿಟಕಿ ಮುಚ್ಚಿ,
ಕುರ್ಚಿಗಳ ಬೆನ್ನ ಮೇಲೆ."

ಮೂಲೆ ತಿರುವಿದೆ.
ಕೆಂಪು ನೂಲಿನ ಸಣ್ಣ ಅಡ್ಡಹೊಲಿಗೆ:
ಇಪ್ಪತ್ತೇಳು.

ಸಾಬೂನು ಕೈಯಿಂದ ಜಾರಿತು.
ಜಾರುವುದೇ ಅದರ ಕೆಲಸ, ಅಂದೆ.

ನನಗಾಗ ಒಂಬತ್ತು. ನದಿದಂಡೆಯ ವಸತಿಗೃಹಕ್ಕೆ
ನಲವತ್ತು ಹಾಸು ಹೋಗಬೇಕಿತ್ತು,
ಮೂವತ್ತೊಂಬತ್ತು ಹೋದವು.
ಯಜಮಾನಿ ಎರಡು ಸಲ ಎಣಿಸಿದಳು, ಅಮ್ಮ ಹತ್ತು ಸಲ.
ಮುಳ್ಳುಪೊದೆ, ಮೋರಿ, ಪಾದ್ರಿಯ ಹಿತ್ತಿಲು,
ಕತ್ತಲಾದ ಮೇಲೂ ಅಮ್ಮನ ಜೊತೆ ಹುಡುಕಿದವಳು
ಪಕ್ಕದ ಕಲ್ಲಿನ ಕಾಂದಿದಾ.
ಲಾಟೀನು ಹಿಡಿದದ್ದೂ ಅವಳೇ.
ಆ ಸೆಪ್ಟೆಂಬರಿನಲ್ಲಿ ಅವಳ ಮದುವೆ;
ಅಮ್ಮನ ಚಿನ್ನದ ಓಲೆ ಆಗಸ್ಟಿನಲ್ಲೇ ಮಾರಾಟವಾಗಿತ್ತು.
ಆಮೇಲೆ ಉದ್ದಕ್ಕೂ ಕಿವಿಯಲ್ಲಿ ತೂತು ಮಾತ್ರ.
ಒಗೆಯುವಾಗ ನೊರೆ ಹಾರಿ ಅಲ್ಲಿ ಕೂತರೆ
ನಾನು ಮುತ್ತು ಅನ್ನುತ್ತಿದ್ದೆ.

ಇತ್ತ ಬನ್ನಿ, ಅನ್ಸೆಲ್ಮು.
ಇದಕ್ಕೆ ಬ್ಲೀಚು ಬೇಡ, ನಾರು ಸಾಯುತ್ತದೆ.
ಸಾಬೂನು ಹಚ್ಚಿ, ಹಿಂಡದೆ, ಹುಲ್ಲಿನ ಮೇಲೆ ಹರಡಬೇಕು,
ಒಣಗುವ ಮೊದಲೇ ನೀರು ಚಿಮುಕಿಸಬೇಕು, ದಿನವಿಡೀ.
ಇದಕ್ಕೆ ನಮ್ಮ ಮಾತಿನಲ್ಲಿ ಒಂದು ಪದ ಇದೆಯಲ್ಲ,
ನಾಚಿ ಕೆನ್ನೆ ಕೆಂಪಾಗುವುದಕ್ಕೂ ಅದೇ ಪದ.
ಹಾಸು ಬಿಸಿಲಿಗೆ ಮೈಯೊಡ್ಡಿ
ನಾಚುತ್ತ ನಾಚುತ್ತ ಬೆಳ್ಳಗಾಗುತ್ತದೆ.
ಅರವತ್ತು ವರ್ಷ, ಪಾಪ, ಇದಕ್ಕೆ
ನಾಚಲೂ ಯಾರೂ ಬಿಟ್ಟಿರಲಿಲ್ಲ.

ಸಂಜೆ ಜಾಲಿಸಿದೆವು, ಮೇಲಿನ ತೊಟ್ಟಿಯಲ್ಲಿ.
ನೀರು ಮೊದಲು ಹಾಲಾಯಿತು, ಮತ್ತೆ ನೀರೇ ಆಯಿತು.

ಒಗೆಯಲು ಒಬ್ಬರು ಸಾಕು, ಮಡಚಲು ಇಬ್ಬರು ಬೇಕು.
ಮರುದಿನ ನಾವಿಬ್ಬರೂ
ಮೂಲೆಗೆ ಮೂಲೆ ಕೂಡಿಸಿ, ಎಳೆದು ಬಿಗಿಮಾಡಿ,
ಹೆಜ್ಜೆ ಹೆಜ್ಜೆ ಎದುರಾಗಿ ಬಂದು
ನಿಮ್ಮ ತುದಿ ನನ್ನ ಕೈಗೆ ಕೊಟ್ಟಾಗ
ಕೇಳಿದಿರಿ: "ಈ ಅಂಕಿ ಏನು, ಝುಲ್ಮೀರಾ?
ಅವಳನ್ನೇ ಕೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೆ."

ಗುರುತು, ಅಂದೆ.
ಕಳೆದುಹೋಗದಿರಲಿ ಅಂತ ಹಾಕುತ್ತಾರೆ.

ಇನ್ನು ಮೇಲೆ ಮಡಿಕೆಯ ಸಾಲು ಬದಲಿಸುತ್ತಿರಿ.
ಒಂದೇ ಜಾಗದಲ್ಲಿ ಮಡಚುತ್ತಿದ್ದರೆ
ಅಲ್ಲೇ ಹರಿಯುತ್ತದೆ.